ಅರವತ್ತನೇ ದಿನದ ಚೀಟಿ

ಆ ವಾಕ್ಯ ಬರೆದವಳು ನಾನೇ. ಈಗ ಬೇರೆಯವರ ತಲೆಗೆ ಕಟ್ಟಲು ಬರುವುದಿಲ್ಲ.

"ಮೀನು ಹಿಡಿಯಲು ಮುಕ್ತವಾದ ಅವಧಿಯಲ್ಲಿ ಸತತ ಅರವತ್ತು ದಿನ ತೂಕದ ಕಟ್ಟೆಗೆ ಮೀನು ತರದವರ ಪರವಾನಗಿ ತಾನಾಗಿಯೇ ರದ್ದಾಗತಕ್ಕದ್ದು." ಸಾಹೇಬರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. "ಭಾಳ ಛಲೋ ಬರದೀರಿ ಬಿಡ್ರಿ" ಎಂದು ಮೇಲಕ್ಕೆ ಕಳಿಸಿದರು. ಒಪ್ಪಿಗೆಯಾಗಿ ಬಂದ ದಿನ ನಾನು ಕಚೇರಿಯವರಿಗೆಲ್ಲ ಚಹಾ, ಮಿರ್ಚಿ ತರಿಸಿದೆ.

ಕೊಪ್ಪಳದ ಕಡೆಯ ಒಂದು ಜಲಾಶಯದ ಹಿನ್ನೀರು ನನ್ನ ಕೆಲಸದ ಜಾಗ. ಹೆಸರು ಬೇಡ. ಮೀನುಗಾರಿಕೆ ಕ್ಷೇತ್ರಪಾಲಕ ಎನ್ನುವುದು ಹುದ್ದೆ. ದಂಡೆಯ ಜನರಿಗೆ ನಾನು "ಮೀನಿನ ಅಕ್ಕಾರು". ಹುಟ್ಟಿದ್ದು ಕುಷ್ಟಗಿಯಲ್ಲಿ. ಚಿಕ್ಕಂದಿನಲ್ಲಿ ನಾನು ಕಂಡ ಅತಿ ದೊಡ್ಡ ನೀರೆಂದರೆ ಹಿತ್ತಿಲಿನ ಸಿಮೆಂಟ್ ಟಾಕಿ. ಈಜು ಇವತ್ತಿಗೂ ಬರುವುದಿಲ್ಲ. ಸಿಟ್ಟು ಮಾತ್ರ ಕರೆಯದೆಯೇ ಬರುತ್ತದೆ.

ಹಿನ್ನೀರಿನ ಪದ್ಧತಿ ಹೀಗೆ. ಒಂದು ಹರಿಗೋಲಿಗೆ ಒಂದು ಪರವಾನಗಿ, ಒಂದು ನಂಬರು. ಆ ನಂಬರನ್ನು ಹರಿಗೋಲಿನ ಹೊರಮೈ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರಬೇಕು. ಒಂದು ನಂಬರಿಗೆ ದಿನಕ್ಕೆ ಇಷ್ಟೇ ಕಿಲೋ ಎಂಬ ಮಿತಿ. ಅಂಗೈಗಿಂತ ಸಣ್ಣ ಮೀನು ಹಿಡಿಯಬಾರದು. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಅಲಿವಿ ಬಲೆ ಎಳೆಯಲೇಬಾರದು. ಹಿಡಿದದ್ದನ್ನೆಲ್ಲ ಬೆಳಿಗ್ಗೆ ದಂಡೆಯ ತೂಕದ ಕಟ್ಟೆಗೆ ತಂದು ತೂಗಿಸಬೇಕು. ನಂಬರು ಹೇಳಿ, ಮೀನು ತಂದವರು ಸಹಿ ಹಾಕಿದರೆ ಆ ನಂಬರಿನ ಪರವಾನಗಿದಾರನ ಹೆಸರಿಗೆ ಚೀಟಿ ಸಿಗುತ್ತದೆ. ವಾರಕ್ಕೆ ಮೂರು ದಿನ ಚೀಟಿ ಬರೆಯಲು ನಾನೇ ಕೂರುತ್ತಿದ್ದೆ. ಉಳಿದ ದಿನ ಗುಮಾಸ್ತ.

ಪರವಾನಗಿಗಳ ಸಂಖ್ಯೆ ಹೆಚ್ಚುವುದಿಲ್ಲ. ಇದ್ದವುಗಳಲ್ಲಿ ಅರ್ಧಕ್ಕರ್ಧ ಜನ ಕಾಲು ಒದ್ದೆ ಮಾಡಿಕೊಂಡವರಲ್ಲ. ಗಂಗಾವತಿಯ ಒಬ್ಬ ದರ್ಜಿ, ಯಲಬುರ್ಗಾ ಕಡೆಯ ಒಂದು ಹಾಸ್ಟೆಲ್ಲಿನ ಅಡುಗೆಯವನು, ಹೀಗೆ. ಅವರೆಲ್ಲರ ಅರ್ಜಿಯ ಹಿಂದೆ ಇದ್ದವನು ಒಬ್ಬನೇ ಮೀನಿನ ಸಾವ್ಕಾರ. ಹರಿಗೋಲು ಅವನದು, ಬಲೆ ಅವನದು, ಹೆಸರು ಮಾತ್ರ ಕಂಡವರದು. ನಿಜವಾದ ಮೀನುಗಾರರು ಅವನಲ್ಲಿ ಕೂಲಿಗೆ ದುಡಿಯುತ್ತಿದ್ದರು. ಇದನ್ನು ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಳೆಗಾಲದ ಆರಂಭದಲ್ಲಿ ಮೀನು ಮೊಟ್ಟೆ ಇಡುವ ಎರಡು ತಿಂಗಳು ಬಲೆ ಹಾಕುವುದಕ್ಕೆ ನಿಷೇಧ. ನವೀಕರಣದ ಪರಿಶೀಲನೆ ಆಗಲೇ ನಡೆಯುತ್ತದೆ. ಆ ವರ್ಷ ನಾನು ಕಾಗದ ನೋಡುವುದನ್ನು ಬಿಟ್ಟು ಕೈ ನೋಡಲು ಶುರು ಮಾಡಿದೆ. ಬಲೆ ಎಳೆಯುವವರ ತೋರುಬೆರಳ ಮಡಿಕೆಯಲ್ಲಿ ನೈಲಾನ್ ದಾರ ಕೊಯ್ದ ಗಾಯದ ಗೆರೆ ಇರುತ್ತದೆ. ಅದಕ್ಕೆ ಯಾವ ತಹಶೀಲ್ದಾರನ ಸಹಿಯೂ ಬೇಕಿಲ್ಲ.

ಹಾಗೆ ಕೈ ನೋಡುತ್ತ ಮೂವತ್ತೇಳನೇ ನಂಬರಿನ ಹಿರಿಯನ ಮನೆಗೆ ಹೋದೆ. ಅರವತ್ತು ದಾಟಿದ ಮನುಷ್ಯ. ಬೇವಿನ ಗಿಡದ ಕೆಳಗೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಅವನ ಹೆಂಡತಿ, ನಾನು ಅವ್ವ ಎಂದು ಕರೆಯುವವಳು, ಪಕ್ಕದಲ್ಲಿ ದಾರ ಸುತ್ತುತ್ತಿದ್ದಳು. ನೀರಿನಲ್ಲಿಯೂ ಅವರದು ಅದೇ ಕ್ರಮ: ಆಕೆ ಹುಟ್ಟು ಹಾಕಬೇಕು, ಅವನು ಬಲೆ ಬಿಡಬೇಕು.

"ಕೈ ತೋರಿಸ್ರಿ ಹಿರ್ಯಾರ" ಎಂದೆ.

"ಏನ್ರಿ ಅಕ್ಕಾರ, ಕೈ ನೋಡಿ ಭವಿಷ್ಯ ಹೇಳ್ತೀರೇನು? ಹಂಗಾರ ಮೊದಲ ಈಕೀದ ನೋಡ್ರಿ. ಇನ್ನ ಎಷ್ಟ ವರ್ಷ ನನ್ನ ಬೈತಾಳ ಕೇಳೂಣು."

"ನೀ ಇರೂತನಾ ಬೈತೀನಿ. ಅದನ್ನ ಅಕ್ಕಾರ ಏನ್ ಹೇಳ್ಬೇಕು" ಎಂದಳು ಅವ್ವ, ತಲೆ ಎತ್ತದೆ.

ಅವರ ಒಬ್ಬನೇ ಮಗ ಅಂಗಳದಲ್ಲಿ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ನಗುಮುಖ. ಅವನೂ ಎದ್ದು ಬಂದು ಅಂಗೈ ಒಡ್ಡಿದ. "ನಂದೂ ನೋಡ್ರಿ ಅಕ್ಕಾರ. ಲಗ್ನ ಯಾವಾಗ ಐತಿ?" ಕೈ ತುಂಬ ಡಾಂಬರು, ಒಂದು ಗೆರೆಯೂ ಕಾಣಿಸಲಿಲ್ಲ. "ಈ ದೀಪಾವಳಿ ಒಳಗ ಗಟ್ಟಿ, ಬರದ್ ಇಟ್ಕೋ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಾವ್ಕಾರನ ಮಾತು ಬಂದಾಗ ಹಿರಿಯ ಸೂಜಿ ಕೆಳಗಿಟ್ಟ. "ಬಲೆ ಹಾಕದಾವನ ಹತ್ರ ಪರ್ಮಿಟ್ ಯಾಕ ಇರಬೇಕ್ರಿ? ನೀರಿಗೆ ಇಳೀದಾವಂದು ಕಿತ್ಗೊಂಡು ಇಳಿಯಾವಗ ಕೊಡ್ರಿ. ಇಷ್ಟ ನೋಡ್ರಿ ನ್ಯಾಯ" ಎಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೊಪ್ಪಳಕ್ಕೆ ಹಿಂದಿರುಗುವ ಬಸ್ಸಿನಲ್ಲೇ ಅದನ್ನು ಸರ್ಕಾರಿ ಕನ್ನಡಕ್ಕೆ ತಿರುಗಿಸಿದೆ. ಹಳೆಯ ಒಂದು ಆದೇಶದಿಂದ ಇನ್ನೊಂದು ಸಾಲನ್ನೂ ತೆಗೆದು ಸೇರಿಸಿದೆ: ರದ್ದಾದವರು ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ದರ್ಜಿಯೂ ಅಡುಗೆಯವನೂ ಮತ್ತೆ ನುಸುಳಬಾರದು ಎಂಬ ಜಾಣತನ ನನ್ನದು.

ನಿಯಮ ಜಾರಿಗೆ ಬಂತು, ನಿಷೇಧ ಮುಗಿಯಿತು, ಹರಿಗೋಲುಗಳು ನೀರಿಗಿಳಿದವು. ಶ್ರಾವಣದ ಗಾಳಿ ಆ ವರ್ಷ ಜೋರಿತ್ತು. ಗಂಡ ಹೆಂಡತಿ ಇಬ್ಬರೂ ಮಗನಿಗೆ ಹೆಣ್ಣು ನೋಡಲು ನವಲಿಗೆ ಹೋಗಿದ್ದರು. ಹಿಂದಿನ ಸಂಜೆ ಹಾಕಿದ ಬಲೆ ನೀರಿನಲ್ಲೇ ಇತ್ತು. ಬಿಟ್ಟರೆ ಮೀನು ಕೊಳೆಯುತ್ತದೆಂದು ಮಗ ಒಬ್ಬನೇ ಹರಿಗೋಲು ತೆಗೆದುಕೊಂಡು ಹೋದ. ಹುಟ್ಟು ಹಾಕುವವನೂ ಅವನೇ, ಬಲೆ ಎತ್ತುವವನೂ ಅವನೇ. ಮಧ್ಯಾಹ್ನದ ಹೊತ್ತಿಗೆ ಹರಿಗೋಲು ಬೋರಲಾಗಿ ದಂಡೆ ಮುಟ್ಟಿತು. ಹೊಸ ಡಾಂಬರಿನ ಮೇಲೆ ಮೂವತ್ತೇಳು ಎಂದು ದುಂಡಗೆ ಬರೆದಿತ್ತು.

ಅಗ್ನಿಶಾಮಕದವರು ಮೂರು ದಿನ ಹುಡುಕಿದರು. ದಂಡೆಯ ಹರಿಗೋಲುಗಳೆಲ್ಲ ಹುಡುಕಿದವು. ಸಾವ್ಕಾರನ ಆಳುಗಳೂ ಹುಡುಕಿದರು, ಸುಳ್ಳು ಹೇಳಬಾರದು. ಆದರೆ ಅಲ್ಲಿ ತಳದಲ್ಲಿ ಮುಳುಗಡೆಯಾದ ಹಳೆಯ ಊರಿನ ಗೋಡೆಗಳಿವೆ, ಹುಣಸೆ ಮರದ ಬೊಡ್ಡೆಗಳಿವೆ. ಅವುಗಳ ನಡುವೆ ಸಿಕ್ಕಿದ್ದು ಮೇಲೆ ಬರುವುದಿಲ್ಲ. ನಾನು ಹೋಗಿ ಅವ್ವನ ಪಕ್ಕ ಒಂದು ತಾಸು ಕೂತು ಬಂದೆ. ದೀಪಾವಳಿಯ ಮಾತು ಅವಳಿಗೆ ನೆನಪಿದೆಯೋ ಏನೋ ಎಂದು ಒಳಗೇ ಸಾಯುತ್ತಿದ್ದೆ.

ಆಮೇಲೆ ಕೆಲಸದ ಗದ್ದಲ. ಸೂತಕದ ಹನ್ನೊಂದು ದಿನ ಕಳೆದ ಮೇಲೆ ಅವರೂ ನೀರಿಗಿಳಿದಿರಬೇಕು, ನಾನಿಲ್ಲದ ದಿನ ಬಂದು ತೂಗಿಸುತ್ತಿರಬೇಕು ಎಂದುಕೊಂಡೆ. ಕೇಳಲಿಲ್ಲ. ಕೇಳಬಹುದಿತ್ತು.

ದಸರೆಗೆ ಮುಂಚೆ ಗುಮಾಸ್ತ ಮೊದಲ ಪಟ್ಟಿ ತಂದಿಟ್ಟ. ಐವತ್ತೈದು ದಿನ ತೂಕದ ಕಟ್ಟೆಗೆ ಬರದವರು. ಇನ್ನು ಸಾವ್ಕಾರನ ಮೂಗು ಕೊಯ್ದಂತೆಯೇ ಎಂದು ಖುಷಿಯಿಂದ ಹಾಳೆ ತಿರುಗಿಸಿದೆ. ನಾಲ್ಕು ಹೆಸರಿದ್ದವು. ಮೂವತ್ತೇಳನೇ ನಂಬರಿನ ಹಿರಿಯ, ಅವನ ತಮ್ಮ, ತಮ್ಮನ ಇಬ್ಬರು ಮಕ್ಕಳು. ಅಷ್ಟೇ. ದರ್ಜಿ ಇರಲಿಲ್ಲ, ಅಡುಗೆಯವನಿರಲಿಲ್ಲ.

"ಇದೆಂಗ್ರೀ?" ಎಂದು ಗುಮಾಸ್ತನ ಮೇಲೆ ಹರಿಹಾಯ್ದೆ. ಅವನು ತಣ್ಣಗೆ ತೂಕದ ಪುಸ್ತಕ ನನ್ನ ಮುಂದೆ ಬಿಡಿಸಿಟ್ಟ. ಒಂದು ನಂಬರಿಗೆ ದಿನಕ್ಕೆ ಇಷ್ಟೇ ಕಿಲೋ ಎಂಬ ಮಿತಿ ಇದೆಯಲ್ಲ, ಸಾವ್ಕಾರ ಆ ಮಿತಿ ದಾಟದಿರಲೆಂದು ತನ್ನ ಇಡೀ ಹಿಡಿತವನ್ನು ಎಲ್ಲ ಬೇನಾಮಿ ನಂಬರುಗಳಿಗೂ ಹಂಚಿ ತೂಗಿಸುತ್ತಿದ್ದ. ಹಾಗಾಗಿ ದರ್ಜಿ ಒಂದು ದಿನವೂ ತಪ್ಪಿಸಿರಲಿಲ್ಲ. ಶಾಲೆಗೆ ಚಕ್ಕರ್ ಹೊಡೆಯದ ಹುಡುಗರ ಹಾಗೆ ಅವರೆಲ್ಲರದೂ ನಿತ್ಯ ಹಾಜರಿ. ಆ ಪುಸ್ತಕದ ಅರ್ಧ ಅಕ್ಷರ ನನ್ನವೇ. ವಾರಕ್ಕೆ ಮೂರು ದಿನ ನನ್ನ ಕೈಯಾರೆ ಬರೆದದ್ದನ್ನು, ನಿಯಮ ಮಾಡುವಾಗ ಒಮ್ಮೆಯೂ ತೆರೆದು ನೋಡಿರಲಿಲ್ಲ. ಕಳೆ ಕೀಳಲು ಹೋಗಿ ಬೆಳೆ ಕಿತ್ತಿದ್ದೆ.

ಸಾಹೇಬರ ಬಳಿ ಓಡಿದೆ. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿ ಹಣೆ ಒತ್ತಿಕೊಂಡರು.

"ನೋಡ್ರಿ, ಕಾರಣ ಇಲ್ದ ಒಬ್ಬರಿಗೆ ಬಿಟ್ರ ನಾಳೆ ಸಾವ್ಕಾರನ ವಕೀಲ ಆದೇಶನ ಹರದ ಹಾಕ್ತಾನ. ಮಗಂದು ಮರಣಪತ್ರ ತಗೊಂಡ ಬರ್ರಿ. ಅದನ್ನ ಹಚ್ಚಿ ವಿನಾಯಿತಿಗೆ ಬರೀತೀನಿ."

"ಹೆಣ ಸಿಕ್ಕಿಲ್ಲಲ್ರಿ ಸರ್. ಪೊಲೀಸರು ಕಾಣೆಯಾಗ್ಯಾನ ಅಂತ ಬರಕೊಂಡಾರ."

"ಹಂಗಾರ ಏನ್ ಹಚ್ಚಲಿ?" ಎಂದರು.

ಒಂದು ದಾರಿ ನಿಯಮದಲ್ಲೇ ಇತ್ತು. 'ಸತತ' ಅರವತ್ತು ದಿನ. ನಡುವೆ ಒಂದು ದಿನ, ಒಂದು ಮೀನು ತೂಗಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಐವತ್ತೇಳನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ.

ಅಂಗಳದಲ್ಲಿ ಹರಿಗೋಲು ಬೋರಲು ಬಿದ್ದಿತ್ತು. ಬಲೆ ಜಂತಿಗೆ ನೇತಾಡುತ್ತಿತ್ತು, ಒಣಗಿ ಬಿಳಿಚಿಕೊಂಡಿತ್ತು. ಹಿರಿಯ ಚಾಪೆ ಹಾಸಿದ. ನಾನು ಪಟ್ಟಿಯ ವಿಷಯವನ್ನೆಲ್ಲ ಹೇಳಿದೆ. ಬಚ್ಚಿಡಲಿಲ್ಲ.

"ಒಂದ ದಿನ ಹೋಗ್ರಿ ಹಿರ್ಯಾರ. ಒಂದ ಜಿಲೇಬಿ ಮೀನ ಸಾಕು. ನಾನ ಕಟ್ಟಿ ಮ್ಯಾಲ ಕುಂತಿರ್ತೀನಿ."

"ಬರಂಗಿಲ್ರಿ ಅಕ್ಕಾರ."

"ಯಾಕ್ರೀ? ಸೂತಕ ಮುಗದೈತಲ್ಲ?"

ಅವ್ವ ಬಾಗಿಲಲ್ಲಿ ಕೂತಿದ್ದಳು. ಉತ್ತರ ಅವಳಿಂದ ಬಂತು. "ಎಲ್ಲಿ ಮುಗೀತವ್ವ? ನೀರ ಮಗನ್ನ ಕೊಟ್ಟಿಲ್ಲ. ಕೊಟ್ಟಮ್ಯಾಲ ಮಣ್ಣ ಮಾಡಿ, ಅವ ಸಿಕ್ಕಲ್ಲೇ ಗಂಗವ್ವಗ ಉಡಿ ತುಂಬಬೇಕು. ಅಲ್ಲೀತನ ನಮ್ಮ ಮನಿತನದಾವ್ರು ಆ ನೀರಾಗ ಬಲೆ ಹಾಕಂಗಿಲ್ಲ, ಆ ನೀರಿನ ಮೀನ ತಿನ್ನಂಗಿಲ್ಲ. ನಮ್ಮ ಹಿರ್ಯಾರಿಂದ ನಡ್ಕೊಂಡ ಬಂದೈತಿ."

ತಮ್ಮನ ಮನೆಯವರ ಹೆಸರೂ ಪಟ್ಟಿಯಲ್ಲಿ ಯಾಕಿದೆ ಎಂದು ನನಗೆ ಆಗ ತಿಳಿಯಿತು. ಹನ್ನೊಂದು ವರ್ಷ ಆ ದಂಡೆಯಲ್ಲಿ ಓಡಾಡಿದವಳಿಗೆ ಇಷ್ಟು ಗೊತ್ತಿರಲಿಲ್ಲ. ಮೀನಿನ ಉದ್ದ ಗೊತ್ತಿತ್ತು, ಬಲೆಯ ಕಣ್ಣಿನ ಅಳತೆ ಗೊತ್ತಿತ್ತು.

"ಆಚಿ ದಂಡಿಗೆ ಹಾಕ್ರಿ. ಅಲ್ಲಿಂದ ಭಾಳ ದೂರ ಐತಿ" ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ನೀರ ಒಂದ ಅಲ್ಲೇನ್ರಿ" ಎಂದ ಹಿರಿಯ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಲ್ಯಾಗ ಬಿದ್ದ ಮೀನ ಕೈಯಾಗ ಹಿಡಿಬೇಕಲ್ಲವ್ವ. ಅದೇನ್ ತಿಂದೈತೋ ಏನೋ ಅನಸ್ತೈತಿ" ಎಂದಳು. ನಾನು ಅಳುತ್ತಲೇ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಟ್ಟು ಚಿಲ್ಲರೆ ಕೇಳದೆ ಮುಂದೆ ಹೋದ.

ಮೂರು ದಿನ ನಿದ್ದೆ ಬರಲಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ಚೀಟಿ ಬರೆದವಳಲ್ಲ ನಾನು. ಬರೆದರೆ ಸಿಕ್ಕಿಬೀಳುವ ಭಯವೂ ಇತ್ತು, ಇಲ್ಲವೆನ್ನಲಾರೆ. ಆದರೆ ಅರವತ್ತನೇ ದಿನ ಬೆಳಗಾಗುವುದರೊಳಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನೌಕರಿ ಹೋದರೆ ಹೋಗಲಿ. ಚೀಟಿ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಅವರ ಮನೆಗೇ ಹೋದೆ. ಬೇವಿನ ಗಿಡದ ಕೆಳಗೆ ಕೂತು ಬರೆದೆ: ನಂಬರು ಮೂವತ್ತೇಳು, ಕಾಟ್ಲಾ ಒಂದು, ಒಂದೂವರೆ ಕಿಲೋ. ಹರಿದು ಅವನ ಮುಂದೆ ಹಿಡಿದೆ.

"ಇಲ್ಲೊಂದ ಸಹಿ ಮಾಡ್ರಿ. ಸಾಕು. ನಿಮ್ಮ ತಮ್ಮನ ಮನಿಯಾವ್ರದೂ ಬರೀತೀನಿ."

ಹಿರಿಯ ಚೀಟಿ ತೆಗೆದುಕೊಂಡು ದೂರ ಹಿಡಿದು ಓದಿದ. ಮೂರನೇ ಇಯತ್ತೆಯವರೆಗೆ ಕಲಿತವನು, ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಕಾಟ್ಲಾ ಎಲ್ಲೈತ್ರಿ ಅಕ್ಕಾರ?"

"ಹಿರ್ಯಾರ, ದಮ್ಮಯ್ಯ ಅಂತೀನಿ. ಮಾಡ್ರಿ."

"ಸಾವ್ಕಾರ ಬರಸೂದೂ ಇಂಥಾದ್ದ ಅಲ್ಲೇನ್ರಿ? ನೀರಿಗಿಳೀದಾವನ ಹೆಸರಿಲೆ ಚೀಟಿ?" ಸಿಟ್ಟಿರಲಿಲ್ಲ ಆ ದನಿಯಲ್ಲಿ, ಇದ್ದರೆ ತಡೆದುಕೊಳ್ಳುತ್ತಿದ್ದೆ. "ನಾನ ಹೇಳಿದ್ದೆ ನಿಮಗ, ಬಲೆ ಹಾಕದಾವಗ ಪರ್ಮಿಟ್ ಬ್ಯಾಡ ಅಂತ. ಈಗ ನಾ ಹಾಕಾಕತ್ತಿಲ್ಲ. ನನಗೊಂದು ಮಂದಿಗೊಂದು ಬ್ಯಾಡ್ರಿ. ನನ್ನ ಮಗನ ಹೆಸರಿಗೆ ಸುಳ್ಳ ಹತ್ತತೈತಿ."

ಚೀಟಿಯನ್ನು ನನ್ನ ಕೈಗೆ ಮರಳಿ ಇಟ್ಟು, ಮುಷ್ಟಿ ಮುಚ್ಚಿಸಿದ. ನಾನು ಅದನ್ನು ಅಲ್ಲೇ ಹರಿದೆ. ಅವ್ವ ಒಳಗಿನಿಂದ ಚಹಾ ತಂದು ಕೊಟ್ಟಳು. ಕುಡಿದು ಬಂದೆ.

ರದ್ದತಿಯ ಆದೇಶ ಮುಟ್ಟಿಸುವ ಕೆಲಸವೂ ನನ್ನದೇ. ಆದೇಶ ಕೊಟ್ಟು, ಹಳೆಯ ಪರವಾನಗಿ ಪುಸ್ತಕ ವಾಪಸು ಪಡೆದು, ಹರಿಗೋಲಿನ ಮೇಲಿನ ನಂಬರು ಅಳಿಸಿ, ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಡಾಂಬರಿನ ಡಬ್ಬಿ ತೆಗೆಯಲು ನನ್ನ ಕೈ ಏಳಲಿಲ್ಲ. ಹಿರಿಯನೇ ಒಲೆಯ ಮೇಲೆ ಕಾಯಿಸಿ ತಂದ. ಮಗ ಬರೆದಿದ್ದ ಅಂಕಿಗಳ ಮೇಲೆ ನಿಧಾನವಾಗಿ ಎಳೆದ. ಏಳರ ಬಾಲ ಕೊನೆಗೆ ಉಳಿದಿತ್ತು. ಅದರ ಮೇಲೆ ಒಂದು ಗಳಿಗೆ ಕುಂಚ ನಿಲ್ಲಿಸಿ, ಆಮೇಲೆ ಎಳೆದುಬಿಟ್ಟ. "ತಗೀರಿ ಫೋಟೋ" ಎಂದ.

ಖಾಲಿಯಾದ ನಾಲ್ಕು ಪರವಾನಗಿಗಳಿಗೆ ಅರ್ಜಿ ಕರೆದರು. ಮೊದಲು ಬಂದವರಿಗೆ ಮೊದಲು. ಸಾವ್ಕಾರನ ಅರ್ಜಿಗಳು ಬೆಳಿಗ್ಗೆ ಕಚೇರಿ ಬೀಗ ತೆಗೆಯುವ ಮುಂಚೆಯೇ ಬಾಗಿಲಲ್ಲಿದ್ದವು, ಎಲ್ಲ ಕಾಗದವೂ ಚೊಕ್ಕ. ಮೂವತ್ತೇಳನೇ ನಂಬರು ಗಂಗಾವತಿಯ ದರ್ಜಿಯ ತಮ್ಮನಿಗೆ ಹೋಯಿತು. ಪರವಾನಗಿದಾರ ಖುದ್ದಾಗಿ ಕಟ್ಟೆಗೆ ಬಂದರೆ ಮಾತ್ರ ಚೀಟಿ ಕೊಡಬೇಕೆಂದು ನಾನು ಹೊಸ ಟಿಪ್ಪಣಿ ಬರೆದೆ. ಸಾಹೇಬರು ಅದನ್ನೂ ಮೇಲಕ್ಕೆ ಕಳಿಸಿದರು. ಅದು ಇನ್ನೂ ಮೇಲೆಯೇ ಇದೆ.

ಯುಗಾದಿ ಹೊತ್ತಿಗೆ ನೀರು ಇಳಿಯತೊಡಗಿತು. ಹಿರಿಯ ದಿನಾ ಬೆಳಿಗ್ಗೆ ಕೆಸರಿನಲ್ಲಿ ನಡೆಯುತ್ತಿದ್ದ. ಹಳೆಯ ಊರಿನ ಗೋಡೆಗಳು ಒಂದೊಂದಾಗಿ ಮೇಲೆದ್ದವು. ಒಂದು ದಿನ ಒಂದು ಮೋಟು ಗೋಡೆಯ ಬುಡದಲ್ಲಿ, ಹುಣಸೆ ಬೊಡ್ಡೆಯ ಸಂದಿಯಲ್ಲಿ, ಮಗನ ಸೊಂಟದ ಬೆಳ್ಳಿಯ ಉಡದಾರ ಸಿಕ್ಕಿತು. ಉಳಿದದ್ದೂ ಅಲ್ಲೇ ಇತ್ತು. ಪೊಲೀಸರು ಪಂಚನಾಮೆ ಮಾಡಿದರು. ಮಣ್ಣು ಕೊಟ್ಟ ಮೇಲೆ ಅವ್ವ ಆ ಗೋಡೆಯ ಬಳಿಗೇ ಹೋಗಿ, ಮೊಣಕಾಲುದ್ದ ನೀರಲ್ಲಿ ನಿಂತು, ಹಸಿರು ಖಣ, ಕೊಬ್ಬರಿ, ಅರಿಶಿನ, ಬಳೆ ಎಲ್ಲ ಇಟ್ಟು ಗಂಗವ್ವನಿಗೆ ಉಡಿ ತುಂಬಿದಳು. ಮಗನನ್ನು ತಿಂದ ನೀರಿಗೆ ಕೈ ಮುಗಿದಳು. ನಾನು ದಂಡೆಯಲ್ಲಿ ನಿಂತಿದ್ದೆ.

ಮರಣಪತ್ರವೂ ಬಂತು. ಸಾಹೇಬರು ಕೊಟ್ಟ ಮಾತಿನಂತೆ ಅದನ್ನು ಹಚ್ಚಿ ಬರೆದರು. ಎರಡು ವಾರದಲ್ಲಿ ಉತ್ತರ ಬಂತು: ಸದರಿ ನಂಬರಿನ ಹಾಲಿ ಪರವಾನಗಿದಾರರು ನಿಯಮಿತವಾಗಿ ಮೀನು ತೂಗಿಸುತ್ತಿರುವುದರಿಂದ ಬದಲಾವಣೆ ಸಾಧ್ಯವಿಲ್ಲ. ಮೂರು ವರ್ಷ ಕಾಯಬೇಕು.

ಅದಾಗಿ ನಾಲ್ಕು ದಿನಕ್ಕೆ ನಾನು ಕಟ್ಟೆಯ ಮೇಲಿದ್ದೆ. ಸರದಿ ಉದ್ದವಿತ್ತು. ತಲೆ ಎತ್ತದೆ ಬರೆಯುತ್ತಿದ್ದೆ.

"ನಂಬರು?"

"ಮೂವತ್ತೇಳ್ರಿ."

ದನಿ ಕೇಳಿ ಪೆನ್ನು ನಿಂತಿತು. ಹಿರಿಯ ಬುಟ್ಟಿ ತಕ್ಕಡಿಗೆ ಇಡುತ್ತಿದ್ದ. ಹಿಂದೆ ದಂಡೆಯಲ್ಲಿ ಸಾವ್ಕಾರನ ಹರಿಗೋಲು; ಅದರೊಳಗೆ ಅವ್ವ ಹುಟ್ಟು ಹಿಡಿದು ಕೂತಿದ್ದಳು, ಎಂದಿನಂತೆ. ಹರಿಗೋಲಿನ ಮೇಲೆ ಹೊಸ ಬಿಳಿ ಬಣ್ಣದಲ್ಲಿ ಮೂವತ್ತೇಳು ಎಂದು ಬೇರೆ ಯಾರೋ ಸೊಟ್ಟಗೆ ಬರೆದಿದ್ದರು.

"ಹಿರ್ಯಾರ, ನೀವು..." ಎಂದೆ.

"ಹೊಟ್ಟಿ ಐತಲ್ರಿ ಅಕ್ಕಾರ. ಬ್ಯಾರೆ ಕೆಲಸ ನಮಗ ಬರಂಗಿಲ್ಲ." ತೋರುಬೆರಳು ಬಿಡಿಸಿ ನನ್ನ ಮುಂದೆ ಹಿಡಿದ. ತಿಂಗಳುಗಟ್ಟಲೆ ದಾರ ಮುಟ್ಟದೆ ಮೆತ್ತಗಾಗಿದ್ದ ಚರ್ಮ ಮತ್ತೆ ಕೊಯ್ದು, ಹೊಸ ಗಾಯದಲ್ಲಿ ನೀರು ಮಿಶ್ರಿತ ರಕ್ತ ಜಿನುಗುತ್ತಿತ್ತು. "ನೋಡ್ರಿ ಕೈ. ಬಲೆ ಹಾಕಿದಾವ ನಾನ. ಚೀಟಿ ಅವರ ಹೆಸರಿಲೆ ಬರೀರಿ. ಬಿಸಲ ಏರಾಕತ್ತೈತಿ, ಮೀನ ಕೆಡತಾವ."

ತಕ್ಕಡಿ ನೋಡಿದೆ. ಕಾಟ್ಲಾ ನಾಲ್ಕು, ಬಾಳೆ ಮೀನು ಎರಡು. ಎಲ್ಲವೂ ಅಳತೆಗೆ ಸರಿಯಾಗಿದ್ದವು, ತೂಕ ಮಿತಿಯೊಳಗಿತ್ತು. ತಪ್ಪು ಹಿಡಿಯಲು ಒಂದೂ ಇರಲಿಲ್ಲ.

ಬರೆದೆ. ದರ್ಜಿಯ ತಮ್ಮನ ಹಾಜರಿ ಅವತ್ತೂ ತಪ್ಪಲಿಲ್ಲ.